ಬೆಳಕಿಗೆ ಹಿಡಿದ ಲೋಟ

ಚೊಕ್ಕ, ಇದೂ ಚೊಕ್ಕ, ಸುರಿ — ಇನ್ನೊಂದು, ಲೋಟದ ಅಂಚಿಗೆ ಬಡಿದರೆ ಚಿಪ್ಪಿನ ಚೂರು ಒಳಗೆ ಬೀಳುತ್ತದೆ, ಅದಕ್ಕೆ ಚಾಕುವಿನ ಬೆನ್ನಿನಿಂದ ಹದವಾಗಿ ಒಂದೇ ಏಟು, ಎರಡು ಹೆಬ್ಬೆರಳು ಬಿರುಕಿಗೆ, ಬಿಳಿ ಜಾರಿತು, ಹಳದಿ ಜಾರಿತು, ಗಾಜಿನ ತಳದಲ್ಲಿ ಕೂತ ಮೇಲೆ ಲೋಟವನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಒಂದು ಸುತ್ತು ತಿರುಗಿಸಬೇಕು, ಮೇಲಿನಿಂದ ಒಮ್ಮೆ, ತಳದಿಂದ ಒಮ್ಮೆ, ಕೆಂಪು ಚುಕ್ಕೆ ಇಲ್ಲ, ಚೊಕ್ಕ, ಸ್ಟೀಲ್ ಪಾತ್ರೆಗೆ ಸುರಿ, ನಾಲ್ಕು ವರ್ಷದಿಂದ ಪೂವಪ್ಪ ಇದನ್ನೇ ಮಾಡುತ್ತಿದ್ದಾನೆ, ಆದರೂ ಕೈಯ ಪಾಡಿಗೆ ಕೈಯನ್ನು ಬಿಡುವ ಹಾಗಿಲ್ಲ, ಕೈಗೆ ಬಿಟ್ಟರೆ ಕಣ್ಣು ನಿದ್ದೆ ಹೋಗುತ್ತದೆ ಎಂದು ಪೆಣ್‌ಕರ್ ಕಾಕಾ ಮೊದಲ ದಿನವೇ ಹೇಳಿದ್ದರು, ಹೇಳಿ ಎದುರಿನ ಸ್ಟೂಲಿನಲ್ಲಿ ಕೂತವರು ಇವತ್ತಿಗೂ ಅಲ್ಲೇ ಕೂತಿದ್ದಾರೆ, ಶುಕ್ರವಾರ ಬಂತೆಂದರೆ ಇವನು ಒಡೆಯುವುದು ಅವರು ನೋಡುವುದು, ಅವರೊಬ್ಬರೇ ಅಲ್ಲ, ಇಬ್ಬರೂ ನೋಡಬೇಕು, ನೋಡಿ ಆಮೇಲೆ ಸುರಿ ಪೂವಾ, ಸುರಿದ ಮೇಲೆ ನೋಡಿ ಏನು ಮಾಡುತ್ತೀ — ಅಬುಧಾಬಿಗೆ ಇವತ್ತು ನೂರಿಪ್ಪತ್ತು ಜನರ ಊಟ, ಯಹೂದಿಗಳ ಮನೆಯ ಶುಕ್ರವಾರದ ಸಂಜೆಗೆ ಜಡೆ ಹೆಣೆದ ಬ್ರೆಡ್ಡು ಬೇಕೇ ಬೇಕು, ಬ್ರೆಡ್ಡಿಗೆ ಮೊಟ್ಟೆ ಬೇಕೇ ಬೇಕು, ಮೊಟ್ಟೆಯಲ್ಲಿ ರಕ್ತದ ಒಂದು ಚುಕ್ಕೆ ಕಂಡರೂ ಆ ಮೊಟ್ಟೆ ಅವರಿಗೆ ನಿಷಿದ್ಧ, ಹನ್ನೆರಡಕ್ಕೆ ಸವಾದ್ ವ್ಯಾನು ತಂದು ಹಿಂದಿನ ಬಾಗಿಲಿಗೆ ಹಚ್ಚುತ್ತಾನೆ, ಯಲ್ಲಾ ಪೂವಪ್ಪಣ್ಣ ಎಂದು ಹಾರ್ನ್ ಹೊಡೆಯುತ್ತಾನೆ, ಹನ್ನೆರಡರ ಒಳಗೆ ಎಲ್ಲ ಮುಗಿಯಬೇಕು, ಮೊಟ್ಟೆಯೂ, ದೀಪ್ತಿಗೆ ಹೇಳಬೇಕಾದ ಮಾತೂ.

ಹನ್ನೆರಡು ಗಂಟೆ, ಅವಳೂ ಹನ್ನೆರಡೇ ಎಂದಳು, ಬೆಳಿಗ್ಗೆ ಚಪಾತಿ ಸುತ್ತಿ ಡಬ್ಬಿಗೆ ಹಾಕುತ್ತಾ, ಮುಖ ಎತ್ತದೆ, ಎಲ್ಲ ಆಯ್ತು, ಕಣ್ಣೊಂದು ಬಾಕಿ ಉಂಟು ಮಾರಾಯ್ರೆ, ಬಾಲೆಯ ಕಣ್ಣು ಮುಚ್ಚಿತ್ತಾ, ಚೂರು ತೆರೆದಿತ್ತಾ, ಅದೊಂದು ಹೇಳಿ, ನಾನು ಸತ್ವಾದ ಫ್ರೇಮಿನ ಅಂಗಡಿಗೆ ಹೋಗುವವಳು, ಅವ ಜುಮಾ ನಮಾಜಿಗೆ ಹನ್ನೆರಡಕ್ಕೆ ಬಾಗಿಲು ಹಾಕ್ತಾನೆ, ಇವತ್ತೇ ಆಗ್ಬೇಕು, ಈ ಶುಕ್ರವಾರಕ್ಕೆ ವರ್ಷ ಆಯ್ತಲ್ಲ, ಸಂಜೆ ಎದುರಿಗೆ ಒಂದು ದೀಪ ಇಡೂದು ಅಂತ — ಪೂವಪ್ಪ ಚಪ್ಪಲಿ ಹುಡುಕಿದ, ಕಾಲ ಬುಡದಲ್ಲೇ ಇದ್ದ ಚಪ್ಪಲಿಯನ್ನು ಎಷ್ಟು ಹೊತ್ತು ಹುಡುಕಿದ, ತಡ ಆಯ್ತು, ಮೆಸೇಜ್ ಮಾಡ್ತೇನೆ ಎಂದ, ಮಂಚದ ಮೇಲೆ ಡ್ರಾಯಿಂಗ್ ಹಾಳೆ, ಅವನು ನೋಡಬಾರದೆಂದುಕೊಂಡೇ ನೋಡಿದ, ಪೆನ್ಸಿಲಿನಲ್ಲಿ ಒಂದು ಪುಟ್ಟ ಮುಖ, ದೀಪ್ತಿಯ ಮೂಗು, ಅವಳ ಅಣ್ಣನ ಹಾಗೆ ಗುಂಗುರು ಕೂದಲು, ಗಲ್ಲದಲ್ಲಿ ಒಂದು ಗುಳಿ, ಕಣ್ಣಿರಬೇಕಾದ ಕಡೆ ಬರೀ ಹಾಳೆ, ಒಂದು ವರ್ಷದಿಂದ ಆ ಮುಖವನ್ನು ಬರೆದವಳು ಅವಳು, ಬರೆಸಿದವನು ಇವನು, ಊದ್ ಮೇಥಾದ ಶಾಲೆಯ ಆಫೀಸಿನಿಂದ ಬಂದು ಅನ್ನಕ್ಕಿಟ್ಟು ಕುಕ್ಕರ್ ಕೂಗುವುದರೊಳಗೆ ಒಂದು ಪ್ರಶ್ನೆ ಕೇಳುತ್ತಿದ್ದಳು, ದಿನಾ ಅಲ್ಲ, ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ಮೂಗು ಯಾರದ್ದು, ನಿನ್ನದೇ, ಕೂದಲು ಹೇಗೆ, ಗುಂಗುರು, ಗಲ್ಲ, ಗುಳಿ ಇತ್ತು, ಎಡಗಡೆಯಾ ಬಲಗಡೆಯಾ, ಎಡಗಡೆ — ಎಷ್ಟು ಸಲೀಸಾಗಿ ಬರುತ್ತಿತ್ತು, ಕೇಳಿದ ಕೂಡಲೇ ಬರುತ್ತಿತ್ತು, ಅವಳ ಮುಖ ಅರಳುವುದನ್ನು ನೋಡಿದರೆ ಹತ್ತು ಸುಳ್ಳು ಹೇಳೋಣ ಅನ್ನಿಸುತ್ತಿತ್ತು, ಹೇಳಿದ, ಸುಳ್ಳು ಸಿಹಿಯೇ ಇರುತ್ತದೆ, ಇವತ್ತಿನ ಪ್ರಶ್ನೆಗೆ ಮಾತ್ರ ಚಪ್ಪಲಿ ಹುಡುಕಿ ಓಡಿ ಬಂದಿದ್ದಾನೆ, ಮೂಗು ಕೂದಲು ಹೇಳಿದ ಬಾಯಿಗೆ ಕಣ್ಣು ಹೇಳಲು ಏನು ದಾಡಿ. ಅವನು ತನ್ನ ಮಗಳ ಕಣ್ಣು ನೋಡಿಲ್ಲ, ಮೂಗು ನೋಡಿಲ್ಲ, ಏನನ್ನೂ ನೋಡಿಲ್ಲ.

ಚೊಕ್ಕ, ಸುರಿ, ಪೆಣ್‌ಕರ್ ಕಾಕಾ ಕನ್ನಡಕ ಒರೆಸಿಕೊಂಡರು, ಎಪ್ಪತ್ತೆರಡು ವಯಸ್ಸು, ಬೊಂಬಾಯಿಯ ಕಡೆಯ ಯಹೂದಿ, ಆಡುವುದು ಬೊಂಬಾಯಿ ಹಿಂದಿ, ಮನೆಮಾತು ಮರಾಠಿ, ಕೊಂಕಣ ತೀರದಲ್ಲಿ ಅಜ್ಜನ ಅಜ್ಜಂದಿರು ಗಾಣ ಆಡಿಸುತ್ತಿದ್ದವರಂತೆ, ಶನಿವಾರ ಗಾಣದ ಎತ್ತು ಬಿಚ್ಚಿಬಿಡುವವರೆಂದು ಊರವರು ಅವರನ್ನು ಶನಿವಾರದ ಗಾಣಿಗರು ಎನ್ನುತ್ತಿದ್ದರಂತೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸಕ್ಕೆ ಎಣ್ಣೆಯವರ ಮನೆಯವರೇ ಸಿಕ್ಕಿದರಲ್ಲ ಎಂದು ಪೂವಪ್ಪ ಮೊದಮೊದಲು ಒಳಗೊಳಗೇ ನಗುತ್ತಿದ್ದ, ಯಹೂದಿಗಳ ಶಾಸ್ತ್ರದಂತೆ ನಡೆಯುವ ಈ ಕೋಷರ್ ಅಡುಗೆಮನೆಯಲ್ಲಿ ಅವರ ಕೆಲಸ ಬೇಯಿಸುವುದಲ್ಲ, ಕಾಯುವುದು, ಹಾಲಿನ ಸೌಟು ಮಾಂಸದ ಪಾತ್ರೆಗೆ ಬೀಳದಂತೆ, ಹೂಕೋಸಿನಲ್ಲಿ ಹುಳ ಉಳಿಯದಂತೆ, ಹೊರಗಿನ ಅನ್ನದ ಅಗುಳೂ ಒಳಗೆ ಬರದಂತೆ, ಅದಕ್ಕೇ ದೀಪ್ತಿಯ ಚಪಾತಿ ಡಬ್ಬಿ ಹಿಂದಿನ ಬೇವಿನ ಮರದ ಬುಡ ದಾಟಿ ಬರುವ ಹಾಗಿಲ್ಲ, ಬೆಳಿಗ್ಗೆ ಒಲೆ ಹಚ್ಚುವುದು ಅವರೇ, ಅದು ಯಹೂದಿಯ ಕೈಯಿಂದಲೇ ಆಗಬೇಕಂತೆ, ಲೈಟರ್ ಹಿಡಿದು ಆರು ಒಲೆಗೂ ತಾವೇ ಹೋಗುತ್ತಾರೆ, ಸಂಜೆ ಮೆಟ್ರೋ ಹತ್ತುವಾಗ ತಲೆಯ ಸಣ್ಣ ಯಹೂದಿ ಟೋಪಿ ಕಾಣದಂತೆ ಮೇಲೊಂದು ಕ್ರಿಕೆಟಿನ ಟೋಪಿ ಹಾಕಿಕೊಳ್ಳುತ್ತಾರೆ, ಎರಡು ಮೂರು ವರ್ಷದಿಂದ ಹೀಗೆ, ಕಾಲ ಸರಿ ಇಲ್ಲ ಪೂವಾ ಎನ್ನುತ್ತಾರೆ, ಅದರಾಚೆ ಒಂದು ಮಾತಿಲ್ಲ — ಮತ್ತೆ ಆ ಟಾಯ್ಲೆಟ್ಟಿನ ಪ್ರಾರ್ಥನೆ, ಟಾಯ್ಲೆಟ್ಟಿಗೆ ಹೋಗಿ ಬಂದು ಕೈ ತೊಳೆದು ಬಾಗಿಲ ಹತ್ತಿರ ನಿಂತು ಕಣ್ಣು ಮುಚ್ಚಿ ಏನೋ ಗೊಣಗುತ್ತಾರೆ, ಅಡುಗೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು, ಉಚ್ಚೆ ಹೊಯ್ದಿದ್ದಕ್ಕೂ ದೇವರಿಗೆ ಸಲಾಮೇ, ಪೂವಪ್ಪನೂ ನಕ್ಕವನೇ, ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟ, ಕಾಕಾ ಸಿಟ್ಟು ಮಾಡಲಿಲ್ಲ, ದಿನಕ್ಕೆ ನೂರು ಸಲ ನೆನೆಯಬೇಕಂತಿದೆ ನಮ್ಮಲ್ಲಿ, ಬ್ರೆಡ್ಡು ಮುರಿದರೆ, ನೀರು ಕುಡಿದರೆ, ಮಿಂಚು ಕಂಡರೆ, ಇದು ಅದರಲ್ಲೊಂದು, ಈ ಮೈ ಎಲ್ಲ ತೂತು ಪೂವಾ, ಮುಚ್ಚಿರಬೇಕಾದ್ದು ಒಂದು ತೆರೆದುಕೊಂಡರೆ, ತೆರೆದಿರಬೇಕಾದ್ದು ಒಂದು ಮುಚ್ಚಿಕೊಂಡರೆ ಒಂದು ಗಳಿಗೆ ನಿಲ್ಲುವುದಕ್ಕಾಗುವುದಿಲ್ಲ, ಎಲ್ಲ ಸರಿ ಇಟ್ಟಿದ್ದಕ್ಕೆ ಒಂದು ಮಾತು ಹೇಳಿದರೆ ನನ್ನ ಗಂಟೇನು ಹೋಗುತ್ತದೆ — ಆಗ ಪೂವಪ್ಪ ತಲೆಯಾಡಿಸಿ ಮೊಟ್ಟೆ ಒಡೆದಿದ್ದ, ಮುಚ್ಚಿರಬೇಕಾದ್ದು ತೆರೆದುಕೊಂಡರೆ ಎಂಬ ಮಾತು ಅವನಿಗೆ ಅರ್ಥವಾದದ್ದು ಆಮೇಲೆ, ಡಾಕ್ಟರಮ್ಮ ಕಾಗದದ ಮೇಲೆ ಗರ್ಭಚೀಲದ ಚಿತ್ರ ಬರೆದು ಪೆನ್ನಿನ ತುದಿಯಿಂದ ಅದರ ಬಾಯಿ ತೋರಿಸಿ, ಇದು ಒಂಬತ್ತು ತಿಂಗಳು ಮುಚ್ಚಿರಬೇಕಿತ್ತು, ಐದಕ್ಕೇ ತೆರೆದುಕೊಂಡಿತು, ಯಾರದ್ದೂ ತಪ್ಪಲ್ಲ ಎಂದಾಗ.

ಯಾರದ್ದೂ ತಪ್ಪಲ್ಲ, ಅದೂ ಶುಕ್ರವಾರವೇ, ಫೋನು ಲಾಕರಿನಲ್ಲಿ, ಅಡುಗೆಮನೆಗೆ ಫೋನು ತರುವ ಹಾಗಿಲ್ಲ, ದೀಪ್ತಿ ಏಳು ಸಲ ಕರೆದಿದ್ದಳು, ಅವನು ಇಲ್ಲೇ, ಇದೇ ಮೇಜಿನ ಮುಂದೆ, ಇದೇ ಲೋಟ ಎತ್ತಿ ಹಿಡಿದು ಚೊಕ್ಕ ಚೊಕ್ಕ ಎನ್ನುತ್ತಿದ್ದ, ಅಲ್ ಕುಸೈಸಿನ ಫ್ಲಾಟಿನ ಇನ್ನೊಂದು ಕೋಣೆಯ ಅಪೊಲೊನಿಯಾ ಬಾಯಿ ಅವಳನ್ನು ಟ್ಯಾಕ್ಸಿಗೆ ಹತ್ತಿಸಿದ್ದಳು, ಬೇಸಿನ್ನು ಟವೆಲ್ಲು ಹಿಡಿದು ಪಕ್ಕದಲ್ಲಿ ಕೂತು ಅವರ ಜಪಸರ ಪೂರ್ತಿ ಹೇಳಿ ಮುಗಿಸಿದ್ದಳು, ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಂತ ಬಸಿರು, ಕಟೀಲಿಗೆ ಹರಕೆ, ಡಾಕ್ಟರಿಗೆ ಅಲೆದಾಟ, ಊರಿಂದ ಅತ್ತೆ ಕಳಿಸಿದ ಲೇಹ್ಯ, ಎರಡು ಗಂಟೆಗೆ ಲಾಕರ್ ತೆಗೆದು ಆಸ್ಪತ್ರೆಗೆ ಓಡಿದಾಗ ಎಲ್ಲ ಮುಗಿದಿತ್ತು, ಮಾಸು ಬೀಳಲಿಲ್ಲವೆಂದು, ಮಗುವನ್ನು ತೋರಿಸುವ ಮೊದಲೇ, ದೀಪ್ತಿಗೆ ಮಂಪರು ಕೊಟ್ಟು ಒಳಗೆ ಒಯ್ದಿದ್ದರು, ಅಪೊಲೊನಿಯಾ ಬಾಯಿ ಡ್ಯೂಟಿಗೆ ಹೋಗಿಯಾಗಿತ್ತು, ಕಾರಿಡಾರಿನಲ್ಲಿ ಇವನೊಬ್ಬನೇ, ಅಂಗಿಯಲ್ಲಿ ಮೊಟ್ಟೆಯ ವಾಸನೆ, ಬಾಗಿಲು ತೆರೆಯಿತು, ನರ್ಸು ಬಂದಳು, ಮಲಯಾಳಿ, ಚಿಕ್ಕ ವಯಸ್ಸು, ಎರಡು ಅಂಗೈಯ ಮೇಲೆ ಹಸಿರು ಬಟ್ಟೆಯ ಒಂದು ಸಣ್ಣ ಗಂಟು, ಎಷ್ಟು ಸಣ್ಣದೆಂದರೆ ಅದಕ್ಕೆ ಎರಡು ಕೈ ಯಾಕೆ ಅನ್ನಿಸುವಷ್ಟು, ಹೆಣ್ಣು, ನೋಡುತ್ತೀರಾ ಎಂದಳು, ಮೆಲ್ಲಗೆ, ಬಟ್ಟೆಯ ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಹಿಡಿದಿದ್ದಳು, ಹೂಂ ಎಂದರೆ ಮಡಿಚಿ ಹಿಂದಕ್ಕೆ ಸರಿಸುವುದಕ್ಕೆ, ಆ ಹೆಬ್ಬೆರಳು, ಉಗುರು ಗಿಡ್ಡ ಕತ್ತರಿಸಿದ್ದ ಹೆಬ್ಬೆರಳು, ಬಟ್ಟೆಯ ಮೂಲೆ ಒಂದು ಬೆರಳಗಲ ಎದ್ದಿತ್ತು — ಬೇಡ, ಪೂವಪ್ಪ ಹೇಳಿದ, ಬೇಡ ಬೇಡ, ಒಯ್ಯಿರಿ, ಎಂದು ಗೋಡೆಯ ಕಡೆ ತಿರುಗಿದ, ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಅದರ ಮೇಲಿನ ಅರಬ್ಬಿ ಅಕ್ಷರಗಳನ್ನು ಓದಲು ಬಾರದೆಯೂ ಓದಿದ, ಹಿಂದಿನಿಂದ ಅವಳು ಮತ್ತೊಮ್ಮೆ ಕೇಳಿದಳು, ಸರ್, ಆಮೇಲೆ ನೋಡಬೇಕೆಂದರೆ ಆಗುವುದಿಲ್ಲ, ಅವಳು ಸ್ವಲ್ಪ ಹೊತ್ತು ನಿಂತಿದ್ದಳು, ಎಷ್ಟು ಹೊತ್ತು ನಿಂತಿದ್ದಳು, ಕಾಯುತ್ತಿದ್ದಳು, ಆಮೇಲೆ ರಬ್ಬರ್ ಚಪ್ಪಲಿಯ ಸದ್ದು ದೂರ ಹೋಯಿತು, ಆಮೇಲೆ ಒಂದು ಕಾಗದ ಬಂತು, ಎಲ್ಲ ಆಸ್ಪತ್ರೆಯವರೇ ನೋಡಿಕೊಳ್ಳಲಿ ಎಂದು ಸಹಿ ಮಾಡಿದ, ಎಚ್ಚರವಾದ ದೀಪ್ತಿ ಒಣಗಿದ ತುಟಿಯಲ್ಲಿ ಮೊದಲು ಕೇಳಿದ್ದು ನೀರಲ್ಲ, ನೀವು ನೋಡಿದ್ರಾ, ಹೂಂ ಎಂದ, ಹೇಗಿತ್ತು, ಮಲಗಿದ ಹಾಗಿತ್ತು ಎಂದ, ಅವಳು ಅವನ ಕೈ ಹಿಡಿದುಕೊಂಡು, ನೀವಾದ್ರೂ ನೋಡಿದ್ರಲ್ಲ ಎಂದು ಅತ್ತಳು, ಅಲ್ಲಿಂದ ಶುರುವಾದದ್ದು.

ಸುರಿ — ನಿಲ್ಲು, ಇದರಲ್ಲಿದೆ, ಹಳದಿಯ ಅಂಚಿನಲ್ಲಿ ಸಾಸಿವೆಯ ಅರ್ಧದಷ್ಟು, ಕಾಕಾ ಮೂತಿ ಮುಂದೆ ಚಾಚಿ ನೋಡಿದರು, ಹಾಂ, ಖಲಾಸ್, ತೆಗೆ, ಲೋಟವನ್ನು ತಣ್ಣೀರಲ್ಲಿ ತೊಳಿ, ಊರಿನಲ್ಲಿ ದೈವಕ್ಕೆ ಕೋಳಿ ಕೊಡುವ ಮನೆಯಲ್ಲಿ ಬೆಳೆದವನಿಗೆ ಇದೆಲ್ಲ ಮೊದಲು ತಮಾಷೆಯಾಗಿತ್ತು, ಒಂದು ಚುಕ್ಕೆಗೆ ಮೊಟ್ಟೆ ಎಸೆಯುವುದೇ, ಅಮ್ಮ ಆಗಿದ್ದರೆ ಚಮಚದ ತುದಿಯಲ್ಲಿ ಕುಟುಕಿ ತೆಗೆದು ಆಮ್ಲೇಟ್ ಹುಯ್ಯುತ್ತಿದ್ದಳು, ರಕ್ತ ಅಂದರೆ ಜೀವ ಪೂವಾ, ಜೀವ ನಮ್ಮದಲ್ಲ ಎಂದಿದ್ದರು ಕಾಕಾ — ಆಸ್ಪತ್ರೆಯದೆಲ್ಲ ಆಗಿ ಮೂರು ದಿನದ ರಜೆ ಮುಗಿಸಿ ಅವನು ಬಂದಾಗ ಅಡುಗೆಮನೆಯವರೆಲ್ಲ ಬೆನ್ನು ತಟ್ಟಿದರು, ಇನ್ನೊಂದಾಗುತ್ತದೆ ಬಿಡು ಎಂದರು, ವಯಸ್ಸೇನು ಮಹಾ ಎಂದರು, ಕಾಕಾ ಮಾತ್ರ ಮಧ್ಯಾಹ್ನ ಬೇವಿನ ಬುಡದಲ್ಲಿ ಅವನು ಡಬ್ಬಿ ತೆರೆಯದೆ ಕೂತಿದ್ದಾಗ ಬಂದು ತರಕಾರಿಯ ಕ್ರೇಟನ್ನು ಬೋರಲು ಹಾಕಿ ನೆಲಮಟ್ಟಕ್ಕೆ ಕೂತರು, ಮೊಣಕಾಲು ನೋವಿನ ಮನುಷ್ಯ, ಕೂರುವಾಗ ಮುಲುಗಿದರು, ಜೇಬಿನಿಂದ ಒಂದು ಬೇಯಿಸಿದ ಮೊಟ್ಟೆ ತೆಗೆದು ಸುಲಿದು ಅವನ ಕೈಗಿಟ್ಟರು, ಅರ್ಧ ಗಂಟೆ ಹಾಗೇ ಕೂತಿದ್ದರು, ಒಂದು ಮಾತಿಲ್ಲ, ಸಾವಿನ ಮನೆಗೆ ಹೋದವನು ದುಃಖದವನು ಬಾಯಿ ಬಿಡುವ ತನಕ ತಾನು ಬಾಯಿ ಬಿಡಬಾರದಂತೆ ಅವರಲ್ಲಿ, ಅದು ಆಮೇಲೆ ಗೊತ್ತಾದದ್ದು, ಮೊದಲ ತುತ್ತು ನೆರೆಯವರು ಕೊಡಬೇಕಂತೆ, ಮೊಟ್ಟೆ ಯಾಕೆ ಕಾಕಾ ಎಂದಿದ್ದಕ್ಕೆ ಮಾತ್ರ, ಅದಕ್ಕೆ ಎಲ್ಲೂ ಬಾಯಿಲ್ಲ ನೋಡು, ದುಃಖದವನ ಹಾಗೆ ಎಂದರು, ಎದ್ದು ಹೋಗುವಾಗ ಇನ್ನೊಂದು ಹೇಳಿದರು, ಮೂವತ್ತು ದಿನ ಬದುಕದ ಕೂಸಿಗೆ ಏಳು ದಿನ ನೆಲಕ್ಕೆ ಕೂತು ಅಳಬೇಕೆಂದು ನಮ್ಮ ಶಾಸ್ತ್ರದಲ್ಲಿ ಇಲ್ಲ, ಠಾಣೆಯಲ್ಲಿ ನನ್ನ ಹೆಂಡತಿಗೂ ಒಂದು ಹೋಯಿತು, ಎಂಟು ದಿನದ್ದು, ಹಿರಿಯರು ಕೂರುವುದು ಬೇಡ ಎಂದರು, ನಾನು ಕೂತೆ — ಅವತ್ತು ಮೊಟ್ಟೆ ಹೇಗೋ ಇಳಿಯಿತು, ಬಾಯಿ ಮಾತ್ರ ಬಿಡಲಾಗಲಿಲ್ಲ, ಕಾಕಾ ಇನ್ನೂ ಕಾಯುತ್ತಿದ್ದಾರೋ ಏನೋ, ವರ್ಷವಾಯಿತು, ಆದರೆ ಅವತ್ತಿನಿಂದ ಚುಕ್ಕೆ ಇರುವ ಮೊಟ್ಟೆಯನ್ನು ಅವನು ಕಸದ ಡಬ್ಬಿಗೆ ಹಾಕುವುದಿಲ್ಲ, ಕಾಗದದ ಕಪ್ಪಿಗೆ ಸುರಿದು ಪಕ್ಕಕ್ಕಿಡುತ್ತಾನೆ, ಕೆಲಸ ಮುಗಿದ ಮೇಲೆ ಬೇವಿನ ಬುಡದಲ್ಲಿ ಬೆರಳಿಂದ ಮರಳು ತೋಡಿ ಹೊಯ್ದು ಮುಚ್ಚುತ್ತಾನೆ, ಯಾರೂ ಹೇಳಿಕೊಟ್ಟದ್ದಲ್ಲ, ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ಕಾಕಾ ಒಂದು ದಿನ ಕಿಟಕಿಯಿಂದ ನೋಡಿದರು, ಮರುದಿನದಿಂದ ಮೇಜಿನ ಮೇಲೆ ಒಂದು ಕಾಗದದ ಕಪ್ಪು ತಾವೇ ತಂದಿಡತೊಡಗಿದರು. ಈಗಲೂ ಇದೆ, ಬಲಗೈ ಹತ್ತಿರ, ಅವನು ಅದಕ್ಕೆ ಸುರಿದ.

ಗೋಡೆಯ ಗಡಿಯಾರ ಒಂಬತ್ತು, ದೀಪ್ತಿ ಬಸ್ಸಿನಲ್ಲಿರಬಹುದು, ಹಾಳೆಯನ್ನು ಸುರುಳಿ ಸುತ್ತಿರಲಿಕ್ಕಿಲ್ಲ, ಮಡಿಕೆ ಬೀಳುತ್ತದೆಂದು ಎರಡು ರಟ್ಟಿನ ನಡುವೆ ಇಟ್ಟು ಎದೆಗೆ ಒತ್ತಿ ಹಿಡಿದಿರುತ್ತಾಳೆ, ನಿಂತವರು ತಾಗಿದರೆ ಸರಿದುಕೊಳ್ಳುತ್ತಾಳೆ, ಮುಚ್ಚಿತ್ತು ಎಂದು ಒಂದು ಮೆಸೇಜು, ಅಷ್ಟೇ, ಅದೇನು ದೊಡ್ಡದು, ಲಾಕರಿಗೆ ಹೋಗಿ ಬರಲು ಎರಡು ನಿಮಿಷ, ಮಲಗಿದ ಹಾಗಿತ್ತು ಎಂದು ಹೇಳಿಯಾಗಿದೆಯಲ್ಲ, ಮಲಗಿದವರ ಕಣ್ಣು ಮುಚ್ಚಿಯೇ ಇರುತ್ತದೆ, ಮತ್ತೆ ಯಾಕೆ ಕೇಳುತ್ತಾಳೆ, ಅವಳಿಗೂ ಒಳಗೊಳಗೇ ಅನುಮಾನವೋ, ಇಲ್ಲ, ಅವಳು ಅನುಮಾನ ಪಡುವ ಜಾತಿಯೇ ಅಲ್ಲ, ಕೇಳುತ್ತಾಳೆ ಯಾಕೆಂದರೆ ಇನ್ನೇನೂ ಕೇಳಲು ಉಳಿದಿಲ್ಲ, ಕಣ್ಣು ಬರೆದರೆ ಮುಗಿಯಿತು — ಚಾಕುವಿನ ಬೆನ್ನು, ಏಟು, ಹೆಬ್ಬೆರಳು — ಬೆಳಿಗ್ಗೆ ಲಿಫ್ಟಿನಲ್ಲಿ ಅಪೊಲೊನಿಯಾ ಬಾಯಿ ಇದ್ದಳು, ಬಿಳಿ ಕೋಟು ಚೀಲದಲ್ಲಿ, ಹೆರಿಗೆ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷದಿಂದ ಆಯಾ ಕೆಲಸ, ನೆಲ ಮಹಡಿ ಬಂದು ಬಾಗಿಲು ತೆರೆಯುವ ಮೊದಲು ಹೇಳಿದಳು, ದೀಪ್ತಿ ನಿನ್ನೆ ಚಿತ್ರ ತೋರಿಸಿದ್ಳು ಪೂವಪ್ಪಣ್ಣ, ಚಂದ ಬಂದಿದೆ, ಆದ್ರೆ ಐದು ತಿಂಗಳಿಗೆ ಅಷ್ಟು ಕೂದಲು ಬರೂದಿಲ್ಲ, ನಾನು ದಿನಾ ನೋಡುವವಳಲ್ವಾ, ನಾನು ಅವಳಿಗೆ ಎಂತದೂ ಹೇಳ್ಲಿಲ್ಲ, ಹೇಳೂದೂ ಇಲ್ಲ, ಅಷ್ಟು ಹೇಳಿ ಬಸ್ಸಿಗೆ ಓಡಿದಳು, ಹಾಗಾದರೆ ಹೇಗಿತ್ತು, ಕೂದಲಿಲ್ಲದೆ ಹೇಗಿತ್ತು, ಮೂಗು ಮೂಗಿನ ಹಾಗಿತ್ತೋ ಇಲ್ಲವೋ, ಕಣ್ಣು ಕಣ್ಣಿನ ಹಾಗಿತ್ತೋ, ಒಂದು ವರ್ಷದಿಂದ ದೀಪ್ತಿ ಮುದ್ದು ಮಾಡಿದ್ದು ಯಾರನ್ನು, ಇವನು ಬಾಯಿಂದ ಹೆತ್ತ ಯಾವುದೋ ಮಗುವನ್ನು, ಅವಳ ಹೊಟ್ಟೆಯಲ್ಲಿ ಒದ್ದು ಹೊರಳಿದ್ದು ಅದಲ್ಲ, ಅದು ಬೇರೆ, ಅದು ಹಸಿರು ಬಟ್ಟೆಯೊಳಗೆ ಇದ್ದದ್ದು, ಮೂಲೆ ಒಂದು ಬೆರಳಗಲ ಎದ್ದಿತ್ತು, ಆ ಹೆಬ್ಬೆರಳು, ಕತ್ತು ಒಂದಿಷ್ಟು ತಿರುಗಿಸಿದ್ದರೆ, ಬರೀ ಕತ್ತು — ಸುರಿದ, ಏನು ಸುರಿದೆ, ಪಾತ್ರೆಯಲ್ಲಿ ಹಳದಿಗಳು ಒಂದಕ್ಕೊಂದು ತಾಗಿ ಅಲುಗಾಡುತ್ತಿವೆ, ಕೈಯಲ್ಲಿ ಖಾಲಿ ಲೋಟ, ಇದನ್ನು ಬೆಳಕಿಗೆ ಹಿಡಿದಿದ್ದೆನೇ, ಇಲ್ಲ, ಹಿಡಿದಿಲ್ಲ, ಒಡೆದದ್ದು ನೆನಪಿದೆ, ನೋಡಿದ್ದು ನೆನಪಿಲ್ಲ.

ಕಾಕಾ ಎದುರಿಗಿಲ್ಲ, ಓವನ್ ನೋಡಲು ಎದ್ದು ಹೋಗಿದ್ದಾರೆ, ಬೆನ್ನು ಇತ್ತ ಕಡೆ, ಅವರು ಇಲ್ಲದಾಗ ಕೈ ನಿಲ್ಲಿಸಬೇಕು ಎಂಬುದು ನಿಯಮ, ನಿಲ್ಲಿಸಿಲ್ಲ, ಪಾತ್ರೆಯಲ್ಲಿ ಇನ್ನೂರಕ್ಕಿಂತ ಹೆಚ್ಚು ಮೊಟ್ಟೆ, ನೋಡದೇ ಸುರಿದದ್ದು ಎಲ್ಲಿ ಹೋಗಿ ಸೇರಿತೋ, ಎಲ್ಲ ಒಂದೇ ಹಳದಿ, ಬಾಯಿ ಮುಚ್ಚಿಕೊಂಡಿದ್ದರೆ ಯಾರಪ್ಪನಿಗೆ ಗೊತ್ತಾಗುತ್ತದೆ, ಬ್ರೆಡ್ಡು ಉಬ್ಬುತ್ತದೆ, ಅಬುಧಾಬಿಯವರು ಹಾಡಿಕೊಂಡು ತಿನ್ನುತ್ತಾರೆ, ಹೇಳಿದರೆ ಪಾತ್ರೆಯೆಲ್ಲ ಚರಂಡಿಗೆ, ಸವಾದ್‌ನ ವ್ಯಾನು ಕಾಯಬೇಕು, ಸೂಪರ್ವೈಸರನ ಮುಖ ಕೆಂಪಾಗಬೇಕು, ಆದರೂ ಅವನ ಕಾಲು ಓವನಿನ ಕಡೆ ನಡೆದಿತ್ತು, ಕಾಕಾ, ಒಂದು ನೋಡದೇ ಸುರಿದೆ, ಕಾಕಾ ತಿರುಗಿದರು, ಚುಕ್ಕೆ ಕಂಡಿತ್ತಾ, ಇಲ್ಲ ಕಾಕಾ, ನೋಡಲೇ ಇಲ್ಲ, ಯೋಚನೆ ಎಲ್ಲೋ ಇತ್ತು, ಕಾಕಾ ಪಾತ್ರೆಯ ಹತ್ತಿರ ಬಂದು ಬಗ್ಗಿದರು, ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ ಬಗ್ಗಿದರು, ಆಮೇಲೆ ಸ್ಟೂಲಿನಲ್ಲಿ ಕೂತರು, ಹಾಗಾದರೆ ನಡೆಯುತ್ತದೆ ಎಂದರು, ಎಸೆಯುವುದು ಬೇಡವಾ ಎಂದ ಪೂವಪ್ಪ, ಬೇಡ, ನೂರರಲ್ಲಿ ತೊಂಬತ್ತೊಂಬತ್ತು ಚೊಕ್ಕವೇ ಇರುತ್ತವೆ, ನೋಡದೇ ಬಿದ್ದುಹೋದದ್ದನ್ನು ಹಿರಿಯರು ಹೊಟ್ಟೆಗೆ ಹಾಕಿಕೊಂಡಿದ್ದಾರೆ, ಮನುಷ್ಯನ ಕಣ್ಣು, ಕೆಲವು ಸಲ ನೋಡುವುದಕ್ಕೆ ಆಗುವುದಿಲ್ಲ ಪೂವಾ, ಅದಕ್ಕೆ ದಾರಿ ಇದೆ, ನೋಡಲಿಲ್ಲ ಎಂದು ಬಂದು ಹೇಳಿದೆಯಲ್ಲ, ಅದೇ ದಾರಿ, ನೋಡದೇ ಇದ್ದು ನೋಡಿದೆ ಎಂದು ನೀನು ಹೇಳಿದ್ದರೆ, ಅದು ನನಗೆ ಗೊತ್ತಾಗಿದ್ದರೆ, ಇದೊಂದು ಪಾತ್ರೆ ಅಲ್ಲ, ನಾಲ್ಕು ವರ್ಷದಿಂದ ನಿನ್ನ ಕೈಯಲ್ಲಿ ತಿಂದದ್ದೆಲ್ಲ ನನಗೆ ಅನುಮಾನ ಆಗುತ್ತಿತ್ತು — ಹೇಳಿ ಮುಂದಿನ ಮೊಟ್ಟೆಯ ಟ್ರೇ ಎಳೆದುಕೊಂಡರು, ಒಡೆ ಎನ್ನುವಂತೆ ಗಲ್ಲ ಎತ್ತಿದರು, ಪೂವಪ್ಪ ಒಡೆಯಲಿಲ್ಲ, ನಿಂತೇ ಇದ್ದ, ಕಾಕಾ ಅವನನ್ನು ನೋಡಿದರು, ಅವತ್ತು ಕ್ರೇಟಿನ ಮೇಲೆ ಕೂತಿದ್ದ ಹಾಗೇ ಸುಮ್ಮನೆ ಕೂತರು, ಎರಡು ಕೈ ಮೊಣಕಾಲ ಮೇಲೆ, ಕಾಯುತ್ತಾ, ಕಾಕಾ, ಒಂದು ಫೋನ್ ಮಾಡಿ ಬರುತ್ತೇನೆ ಎಂದ ಪೂವಪ್ಪ, ಹೋಗು ಎಂದರು ಕಾಕಾ, ಕೈ ತೊಳೆದುಕೊಂಡು ಹೋಗು.

ಲಾಕರಿನ ಬೀಗ ತೆರೆಯಲು ಮೂರು ಸಲ ತಿರುಗಿಸಬೇಕಾಯಿತು, ಹಿಂದಿನ ಬಾಗಿಲು, ಸೆಖೆ ಮುಖಕ್ಕೆ ಬಡಿಯಿತು, ಬೇವಿನ ನೆರಳು ಅಂಗೈಯಗಲ, ಮರಳಿನಲ್ಲಿ ಹಳೆಯ ಗುರುತುಗಳು, ತಾನೇ ತೋಡಿ ಮುಚ್ಚಿದವು, ಅದರ ಮೇಲೆ ಕಾಲಿಡದೆ ಬದಿಗೆ ನಿಂತ, ಒಂದು ರಿಂಗು, ಎರಡು, ಈಗಲೂ ಕಟ್ ಮಾಡಬಹುದು, ಮುಚ್ಚಿತ್ತು ಎಂದುಬಿಡಬಹುದು, ಸಂಜೆ ದೀಪ ಇಡಬಹುದು, ಎದುರಿಗೆ ಕೂತು ಆ ಗುಂಗುರು ಕೂದಲನ್ನು ನೋಡುತ್ತಾ ಬದುಕಿಡೀ ಕಳೆಯಬಹುದು, ಎಷ್ಟೋ ಜನ ಇದಕ್ಕಿಂತ ದೊಡ್ಡ ಸುಳ್ಳಿನ ಮೇಲೆ ಸಂಸಾರ ಮಾಡಿಲ್ಲವೇ — ಹಲೋ, ನಾನು ಅಂಗಡಿಯಲ್ಲೇ ಕೂತಿದ್ದೇನೆ, ನಿಮ್ಮ ಮೆಸೇಜ್ ಬರ್ಲಿಲ್ಲ ಅಂತ ನೋಡ್ತಾ ಇದ್ದೆ, ಪೆನ್ಸಿಲ್ ಕೈಯಲ್ಲೇ ಉಂಟು, ಹೇಳಿ, ದೀಪ್ತಿಯ ದನಿ, ಅದರ ಹಿಂದೆ ಯಾರೋ ಸಣ್ಣ ಸುತ್ತಿಗೆಯಲ್ಲಿ ಮೊಳೆ ಹೊಡೆಯುವ ಸದ್ದು, ಕಂದು ಬಣ್ಣದ ಫ್ರೇಮು ತೆಗೊಂಡೆ, ಬಂಗಾರದ್ದು ಬೇಡ ಅನ್ನಿಸಿತು, ಹೇಳಿ ಮಾರಾಯ್ರೆ, ಮುಚ್ಚಿತ್ತಾ, ತೆರೆದಿತ್ತಾ, ಪೂವಪ್ಪ ಬೇವಿನ ತೊಗಟೆ ಹಿಡಿದುಕೊಂಡ, ನಾನು ನೋಡ್ಲಿಲ್ಲ ದೀಪ್ತಿ, ಎಂತ, ಕಣ್ಣು ನೋಡ್ಲಿಲ್ವಾ, ಕಣ್ಣಲ್ಲ, ಎಂತದೂ ನೋಡ್ಲಿಲ್ಲ, ನರ್ಸು ತಂದಿದ್ಳು, ನೋಡ್ತೀರಾ ಕೇಳಿದ್ಳು, ನಾನು ಬೇಡ ಅಂದೆ, ಗೋಡೆ ಕಡೆ ತಿರುಗಿದೆ, ಮೂಗು ಕೂದಲು ಎಲ್ಲ ನಾನೇ ಹೇಳಿದ್ದು, ನನ್ನ ಬಾಯಿಗೆ ಬಂದದ್ದು, ನೀನು ಕೇಳ್ತಿದ್ದೆ, ನಾನು ಹೇಳ್ತಿದ್ದೆ — ಹೇಳಿದ ಮೇಲೆ ಮೈ ಹಗುರಾಗುತ್ತದೆ ಎನ್ನುತ್ತಾರೆ, ಆಗಲಿಲ್ಲ, ಅತ್ತ ಕಡೆ ಸುತ್ತಿಗೆ ಎರಡು ಏಟು ಹೊಡೆದು ನಿಂತಿತು, ಬೈಯಲಿ, ಅಳಲಿ, ಫೋನು ಇಟ್ಟುಬಿಡಲಿ, ಏನಾದರೂ ಆಗಲಿ, ಅಂಗಡಿಯವನು ಹಿಂದಿಯಲ್ಲಿ ಏನೋ ಕೇಳಿದ, ಪೆನ್ಸಿಲನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು, ಸಿಟ್ಟಿಲ್ಲದೆ, ತನ್ನಷ್ಟಕ್ಕೆ ಲೆಕ್ಕ ಹಾಕಿದ ಹಾಗೆ ಅವಳು ಹೇಳಿದಳು, ಹಾಗಾದ್ರೆ ನಮ್ಮವರು ಅಂತ ಯಾರೂ ಅವಳನ್ನು ನೋಡ್ಲಿಲ್ಲ. ಪೂವಪ್ಪನ ಎದುರಿಗೆ ಈಗ ಬೇವಿನ ನೆರಳಿಲ್ಲ, ಸೆಖೆ ಇಲ್ಲ, ಕಾರಿಡಾರು, ಎರಡು ಅಂಗೈ, ಹಸಿರು ಬಟ್ಟೆ, ಗಿಡ್ಡ ಉಗುರಿನ ಹೆಬ್ಬೆರಳು ಅದರ ಮೂಲೆಯನ್ನು ಹಿಡಿದಿದೆ, ಒಂದು ಬೆರಳಗಲ ಎತ್ತಿದೆ, ಕಾಯುತ್ತಿದೆ, ಆ ಹೆಬ್ಬೆರಳು ಇನ್ನೂ ಕಾಯುತ್ತಿದೆ